ತೇಲದ ದೋಣಿಗೆ ಹಾಕಿದ ಸಹಿ

ವೆಲಿಂಗ್ಟನ್ನಿನ ಸಿನಿಮಾ ಸ್ಟುಡಿಯೋದಲ್ಲಿ ಗ್ಲೆನಿಸ್ ಇಪ್ಪತ್ತೆರಡು ವರ್ಷದಿಂದ ಚಿತ್ರ ಬರೆಯುತ್ತಿದ್ದಳು. ಕೋಟೆಯಾಗಲಿ, ಹಡಗಾಗಲಿ, ಬಡಗಿಗಳ ಕೈಗೆ ಹೋಗುವ ಮೊದಲು ಅವಳ ಕಾಗದದ ಮೇಲೆ ಹುಟ್ಟಬೇಕಿತ್ತು. ಸೋಸೆಫೊ ಚಿತ್ರ ವಿಭಾಗಕ್ಕೆ ಬಂದಮೇಲೆ ಆ ಮಾತು ಸುಳ್ಳಾಯಿತು.

ಸೋಸೆಫೊ ಟೊಂಗಾ ದ್ವೀಪದವನು. ಮೊನ್ನೆ ಮೊನ್ನೆಯವರೆಗೂ ಅದೇ ಸ್ಟುಡಿಯೋದಲ್ಲಿ ಶೂಟಿಂಗ್ ದಿನಗಳ ಪಟ್ಟಿ ಮಾಡಿಕೊಂಡಿದ್ದ. ಪೆನ್ಸಿಲ್ ಹಿಡಿದವನಲ್ಲ. ಕಂಪ್ಯೂಟರಿಗೆ ನಾಲ್ಕು ಸಾಲು ಬರೆದುಕೊಟ್ಟರೆ ಎಐ ನಲವತ್ತು ಚಿತ್ರ ಕೊಡುತ್ತಿತ್ತು. ಅವನು ದಡ್ಡನಾಗಿದ್ದರೆ ಗ್ಲೆನಿಸ್‌ಗೆ ಸಮಾಧಾನವಿರುತ್ತಿತ್ತು. ಆದರೆ ಆ ನಲವತ್ತರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಅವನಿಗೆ ಗೊತ್ತಿತ್ತು. ಆ ಕಣ್ಣು ಬರಲು ಅವಳಿಗೆ ಹತ್ತು ವರ್ಷ ಹಿಡಿದಿತ್ತು.

ಹೊಸ ಸಿನಿಮಾದಲ್ಲಿ ಬರುವ ರಾಣಿಯ ದೋಣಿಗಾಗಿ ಇಬ್ಬರೂ ಚಿತ್ರ ತಂದರು. ಗ್ಲೆನಿಸ್‌ದು ಮೂರು ವಾರದ ಕೆಲಸ. ನಿರ್ದೇಶಕ ಕಾಲಮ್ ಅದನ್ನೊಮ್ಮೆ ನೋಡಿ, "ಚೆನ್ನಾಗಿದೆ" ಎಂದು ಪಕ್ಕಕ್ಕಿಟ್ಟ. ಸೋಸೆಫೊನ ಚಿತ್ರವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದ.

"ಗ್ಲೆನಿಸ್, ನಿನ್ನೆ ಸಾಯಂಕಾಲ ಇವನಿಗೆ ಹೇಳಿದ್ದು, ಬೆಳಗಾಗೋದ್ರಲ್ಲಿ ತಂದಿದಾನೆ ನೋಡು" ಎಂದ.

ಅವಳು ನೋಡಿದಳು. ಮೈ ಉರಿಯುವಷ್ಟು ಚೆಲುವಾಗಿತ್ತು. ಜೊತೆಗೆ ಇನ್ನೊಂದೂ ಕಣ್ಣಿಗೆ ಬಿತ್ತು. ಹಾಯಿ ಕಟ್ಟುವ ಮರ ವಿಪರೀತ ಎತ್ತರ. ದೋಣಿ ಮಗುಚದಂತೆ ತಡೆಯಬೇಕಾದ ಪಕ್ಕದ ತೇಲುಮರ ತೀರಾ ಗಿಡ್ಡ. ನೀರಿಗಿಳಿದರೆ ಇದು ನಿಲ್ಲುವುದಿಲ್ಲ. ಕಾರ್ಯಾಗಾರಕ್ಕೆ ಹೋಗುವ ಪ್ರತಿ ಚಿತ್ರಕ್ಕೂ ಹಿರಿಯ ಕಲಾವಿದೆಯಾಗಿ ಅವಳ ಸಹಿ ಬೇಕು. ಆಗಲಿ, ಎಲ್ಲರ ಮುಂದೆ ಇವನ ಬಣ್ಣ ಬಯಲಾಗಲಿ ಎಂದುಕೊಂಡು, ತುಟಿ ಪಿಟಕ್ಕೆನ್ನದೆ ಸಹಿ ಹಾಕಿಕೊಟ್ಟಳು.

ದೋಣಿ ಕಟ್ಟಿದವನು ತಾಮತಿ, ಅವಳ ಹಳೆಯ ಗೆಳೆಯ. ಐದು ವಾರ ಮರ ಕೆತ್ತಿದ. ದಿನಾ ಊಟದ ಹೊತ್ತಿಗೆ ಅವಳ ಪಕ್ಕ ಕೂತು, ಮೀನಿನ ಪೊಟ್ಟಣ ಬಿಚ್ಚಿ, ಕೆತ್ತನೆಯ ಸುದ್ದಿ ಹೇಳುತ್ತಿದ್ದ. ದಿನಾ ಅವಳ ನಾಲಗೆ ತುದಿಗೆ ಬಂದ ಮಾತು ಅಲ್ಲೇ ನಿಲ್ಲುತ್ತಿತ್ತು.

ಶೂಟಿಂಗಿನ ದೊಡ್ಡ ತೊಟ್ಟಿಯ ನೀರಿಗೆ ಇಳಿಸಿದ ದಿನ ಗಾಳಿಯಂತ್ರ ಹಾಕಿದ್ದೇ ತಡ, ದೋಣಿ ಮಗುಚಿತು. ರಾಣಿಯ ಬದಲಿಗೆ ನಿಂತಿದ್ದ ಸಾಹಸಗಾರ್ತಿಯ ಭುಜದ ಕೀಲು ಕಳಚಿತು. ಕಾಲಮ್ ಸೋಸೆಫೊನನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದ. ಗ್ಲೆನಿಸ್ ಕಾದಿದ್ದುದು ಅದನ್ನೇ. ಆದರೆ ಆಂಬುಲೆನ್ಸಿಗೆ ಹತ್ತಿಸುವಾಗ ಆ ಹೆಂಗಸು ನರಳಿದ ಸದ್ದು ಕೇಳಿ, ಅಲ್ಲಿ ನಿಲ್ಲಲಾರದೆ ತಾಮತಿಯ ಬಳಿಗೆ ನಡೆದಳು.

"ನಂಗೂ ಅನುಮಾನ ಬಂದಿತ್ತು ಮಾರಾಯ್ತಿ" ಎಂದ ತಾಮತಿ, ಒದ್ದೆ ಹಗ್ಗ ಸುತ್ತುತ್ತ. "ಕೆಳಗೆ ನಿನ್ ಸಹಿ ಇತ್ತಲ್ಲ. ಗ್ಲೆನಿಸ್ ನೋಡಿದಾಳೆ ಅಂದ್ಮೇಲೆ ಮುಗೀತು ಅಂದ್ಕೊಂಡೆ."

"ನೋಡಿದ್ದೆ. ಗೊತ್ತಿತ್ತು. ಬೇಕಂತಲೇ ಹೇಳ್ಲಿಲ್ಲ."

ಅವನು ಹಗ್ಗ ಕೆಳಗಿಟ್ಟು ಹೊರಟುಹೋದ.

ಅವಳು ಕಾಲಮ್‌ನ ಬಳಿಯೂ ಹೋಗಿ ಒಪ್ಪಿಕೊಂಡಳು. ಹಿರಿಯ ಕಲಾವಿದೆಯ ಪದವಿ ಹೋಯಿತು, ಕೆಲಸ ಉಳಿಯಿತು. ಕೊನೆಗೆ ಸೋಸೆಫೊನ ಮೇಜಿನ ಬಳಿ ನಿಂತಳು.

"ನಂಗೊಂದು ಮಾತು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದ ಅವನು, ತಲೆ ಎತ್ತದೆ. "ನಮ್ಮಜ್ಜ ದೋಣಿ ಕಟ್ಟೋನು. ಫೋನ್ ಮಾಡಿ ಕೇಳೋ ಬುದ್ಧಿ ನಂಗೂ ಬರ್ಲಿಲ್ಲ. ಆದ್ರೆ ನಿಂಗೆ ಗೊತ್ತಿತ್ತು."

"ಹೊಟ್ಟೆಕಿಚ್ಚು" ಎಂದಳು ಗ್ಲೆನಿಸ್.

"ಗೊತ್ತು. ಎಲ್ರಿಗೂ ಗೊತ್ತಿತ್ತು."

ಹೊಸ ದೋಣಿಗೆ ಅಳತೆ ಅವಳೇ ಹಾಕಿದಳು. ಸೋಸೆಫೊ ತನ್ನ ಚಿತ್ರಗಳನ್ನು ತಂದು ಅವಳ ಮುಂದಿಟ್ಟು, "ಇದು ನಿಲ್ಲುತ್ತಾ?" ಎಂದಷ್ಟೇ ಕೇಳುತ್ತಿದ್ದ. ನಿಲ್ಲದಿದ್ದರೆ ಇಲ್ಲವೆನ್ನುತ್ತಿದ್ದಳು. ಚಿತ್ರ ಚೆಲುವಾಗಿದ್ದರೆ ಎದೆಯಲ್ಲಿ ಈಗಲೂ ಚುರುಕ್ಕೆನ್ನುತ್ತಿತ್ತು. ಅದನ್ನೂ ನುಂಗಿಕೊಂಡು, ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದನ್ನು ಕಲಿಯುತ್ತಿದ್ದಳು. ಆ ಸಿನಿಮಾ ಮುಗಿಯುವವರೆಗೂ ತಾಮತಿ ಮಾತ್ರ ಬೇರೆ ಬೆಂಚಿನಲ್ಲಿ ಕೂತು ಊಟ ಮಾಡಿದ.