ಕೆಂಪಗೇ ಉಳಿದ ಕೊಳವೆ

ತಮ್ಮ ಮನೆಯವರ ರಕ್ತವನ್ನು ಯಾರೂ ತಾವೇ ಪರೀಕ್ಷಿಸಬಾರದು ಎಂಬುದು ಆ ಪ್ರಯೋಗಾಲಯದ ಕಟ್ಟಳೆ. ಹೊಸಬರಿಗೆಲ್ಲ ಅದನ್ನು ಕಿವಿ ಹಿಂಡಿ ಕಲಿಸಿದವಳೇ ಅಕ್ಕ. ಇವತ್ತು ಮಾತ್ರ ಜೊತೆಯಲ್ಲಿ ಕೆಲಸ ಮಾಡುವವಳು ಊಟಕ್ಕೆ ಎದ್ದದ್ದೇ ತಡ, ತಮ್ಮನ ರಕ್ತವನ್ನು ತಾನೇ ಎತ್ತಿಕೊಂಡಳು. ಕಾಯುವ ತಾಳ್ಮೆ ಯಾರಿಗಿರುತ್ತದೆ ಹೇಳಿ? ಅಪ್ಪನನ್ನು ನುಂಗಿದ ಗಂಟು ಮಗನ ಹೊಟ್ಟೆಯಲ್ಲೂ ಕೂತಿದೆಯೇ ಎಂಬುದು ಅವಳಿಗೆ ಈಗಲೇ ಗೊತ್ತಾಗಬೇಕಿತ್ತು.

ಪರೀಕ್ಷೆಯೇನೋ ಸುಲಭದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ನ್ಯಾನೋ ಕಣಗಳು ತೇಲುವ ನೀರು ಕೆಂಪಗಿರುತ್ತದೆ. ಅದಕ್ಕೆ ರಕ್ತದಿಂದ ಬೇರ್ಪಡಿಸಿದ ತಿಳಿ ಹಾಕಬೇಕು. ರೋಗದ ಗುರುತಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ನೀರು ನೀಲಿಯಾಗುತ್ತದೆ.

ನೀಲಿಯಾಯಿತು.

ಅವಳು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೊಳವೆಯಲ್ಲಿ ಉಪ್ಪಿನಂಶ ಉಳಿದಿದ್ದರೂ ಹೀಗಾಗುತ್ತದೆ, ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊಸ ಕೊಳವೆ ತಂದಳು. ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿತ್ತು. ಈ ಸಲ ಎಷ್ಟು ಹೊತ್ತಾದರೂ ನೀರು ಕೆಂಪಗೇ ಇತ್ತು. ಹೋದ ಜೀವ ಬಂದಂತಾಯಿತು ನೋಡಿ, ಕೈಗವಸನ್ನೂ ಬಿಚ್ಚದೆ ಹೊರಗೋಡಿದಳು.

ಬೆಂಚಿನ ತುದಿಯಲ್ಲಿ ತಮ್ಮ ಕೂತಿದ್ದ.

"ಏನೂ ಇಲ್ವೋ. ಚೆನ್ನಾಗಿದ್ದೀಯ."

"ನಾನು ಮೊದ್ಲೇ ಹೇಳ್ಲಿಲ್ವಾ ಅಕ್ಕ? ಸುಮ್ನೆ ನನ್ನ ತಲೆ ತಿಂದೆ," ಎಂದವನು ಮರುಕ್ಷಣವೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಆಮೇಲೆ ಮನೆಗೆ ಫೋನ್ ಮಾಡಲು ಅಂಗಳಕ್ಕೆ ಹೋದ.

ಜೊತೆಯವಳು ಬರುವುದರೊಳಗೆ ಮೇಜು ಮೊದಲಿನಂತಾಗಬೇಕಿತ್ತು. ಅಕ್ಕ ಒರೆಸಲು ಬಂದು ನೋಡಿದರೆ, ಎರಡನೇ ಪರೀಕ್ಷೆಗೆಂದು ಅಳೆದಿಟ್ಟಿದ್ದ ರಕ್ತದ ತಿಳಿ ಪುಟ್ಟ ಬಟ್ಟಲಲ್ಲಿ ಹಾಗೇ ಇತ್ತು. ಒಂದು ಹನಿಯನ್ನೂ ಕೊಳವೆಗೆ ಹಾಕಿರಲಿಲ್ಲ. ಅಷ್ಟು ಹೊತ್ತು ಬರೀ ಚಿನ್ನದ ನೀರನ್ನೇ ನೋಡುತ್ತ ಕೂತಿದ್ದಳು, ಹುಚ್ಚಿ.

ಆ ತಿಳಿಯನ್ನು ಅದೇ ಕೆಂಪು ನೀರಿಗೆ ಹಾಕಿದಳು. ಹೀಗೇ ಇರು, ಹೀಗೇ ಇರು ಎಂದು ಬೇಡಿಕೊಂಡಳು. ನೀರು ಮೊದಲು ನೇರಳೆಗೆ ತಿರುಗಿತು, ಆಮೇಲೆ ನೀಲಿಯಾಯಿತು. ಇನ್ನು ಉಪ್ಪಿನ ಮೇಲೆ ಗೂಬೆ ಕೂರಿಸುವಂತಿರಲಿಲ್ಲ.

ಕಿಟಕಿಯಾಚೆ ಫೋನಿನಲ್ಲಿ ಮಾತಾಡುತ್ತ ತಮ್ಮ ನಗುತ್ತಿದ್ದ. ಅವಳು ಕಿಟಕಿ ತೆರೆದಳು.

"ಲೋ, ಒಂದ್ನಿಮಿಷ ಒಳಗೆ ಬಾರೋ."

"ಇರಕ್ಕ, ಮಗಳು ನಿನ್ನ ಹತ್ರ ಮಾತಾಡ್ಬೇಕಂತೆ," ಎಂದು ಅವನು ಕಿಟಕಿಯೊಳಗೆ ಫೋನು ಚಾಚಿದ.

ಅವಳು ತೆಗೆದುಕೊಂಡು ಕಿವಿಗಿಟ್ಟಳು.

"ಅತ್ತೆ, ಅಪ್ಪಂಗೆ ಏನೂ ಇಲ್ವಂತೆ," ಎಂದಿತು ಮಗು. "ನೀನೇ ನೋಡಿದ್ಯಂತೆ. ನಿಜ ತಾನೇ?"