ಬಾಣಂತಿಗೆ ತಂದ ಮೀನು

ಲೂರ್ದಮ್ಮ ಬೆಂದ ತುಂಡನ್ನು ಎಡಗೈಯಲ್ಲಿ ಒತ್ತಿ ಹಿಡಿದು ಚರ್ಮದ ಮೂಲೆಯನ್ನು ಉಗುರಿನಿಂದ ಎಬ್ಬಿಸಿದಳು. ಅರ್ಧದವರೆಗೆ ಸಲೀಸಾಗಿ ಬಂದ ಚರ್ಮ ಆಮೇಲೆ ಹರಿಯಿತು. ಅವಳು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಳು.

"ಬಡಗಿ ಉಜ್ಜೋ ಉಪ್ಪುಕಾಗದ ಇದ್ದಂಗಿದೆ ಕಣೋ ಇದು."

"ಎದುರು ಎಳೀಬೇಡಮ್ಮ. ತಲೆಯಿಂದ ಬಾಲದ ಕಡೆಗೆ ಎಳಿ," ಎಂದ ಪೌಲರಾಜ್.

"ತಲೆ ಎಲ್ಲಿದೆ, ಬಾಲ ಎಲ್ಲಿದೆ? ನೀನು ತಂದಿರೋದು ಹಲಗೆ."

ಹಲಗೆಯ ಹಾಗೇ ಇತ್ತು. ಉಪ್ಪು ಹಾಕಿ ಒಣಗಿಸಿದ ಸೊರ ಮೀನಿನ, ಅಂದರೆ ಶಾರ್ಕಿನ, ಆ ತುಂಡನ್ನು ಗೋಣಿಯಲ್ಲಿ ಸುತ್ತಿ ಅವನು ಕೊಚ್ಚಿಯಿಂದ ರೈಲಿನಲ್ಲಿ ತಂದಿದ್ದ. ಎದುರಿಗೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬೇರೆ ಬೆಂಚಿಗೆ ಹೋಗಿದ್ದರು. ಹಿಂದಿನ ದಿನದಿಂದ ನೀರು ಬದಲಿಸಿ ಬದಲಿಸಿ ನೆನೆಹಾಕಿದರೂ ಆ ಘಾಟು ಇನ್ನೂ ಅಡಿಗೆಮನೆಯಲ್ಲೇ ನಿಂತಿತ್ತು.

ಹಿತ್ತಿಲ ಬಾಗಿಲಲ್ಲಿ ಬೆಟ್ಟಮ್ಮ ಕಾಣಿಸಿಕೊಂಡಳು. ಮೈಸೂರಿನ ನಜರ್‌ಬಾದಿನ ಆ ಸಾಲಿನ ಮನೆಗಳಿಗೆಲ್ಲ ಹಾಲು ಹಾಕುವವಳು ಅವಳೇ. ಇವತ್ತು ಹಾಲಿನ ಚೆಂಬಿನ ಜೊತೆಗೆ ಸೆರಗಿನಲ್ಲಿ ಸಬ್ಬಸಿಗೆ ಸೊಪ್ಪೂ ಇತ್ತು.

"ಏನ್ ಲೂರ್ದಮ್ಮೋರೆ, ಜಟಕಾ ಕುದ್ರೆ ಏನಾದ್ರೂ ಒಳೀಕೆ ಬಂದದಾ?"

"ಬಂದಿದೆ. ಲಗಾಮು ಹಿಡ್ಕೊಳ್ಳಿ ಬನ್ನಿ."

"ನಾ ಹೇಳಿದ್ ಕೇಳಿ. ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ಇದೆಲ್ಲಾ ಯಾಕೆ?"

"ಅದೂ ಆಯ್ತು. ತಿಂದ್ರೆ ತಾನೆ?"

ಮಗಳು ಲೂರ್ದುಮೇರಿಗೆ ಹೆರಿಗೆಯಾಗಿ ಎರಡನೇ ವಾರ. ಎದೆಯಲ್ಲಿ ಹಾಲು ಸಾಲದು. ಅವಳಿಗೆ ಏನೂ ಸೇರುತ್ತಿರಲಿಲ್ಲ. ಎರಡು ತುತ್ತು ತಿಂದು ಗೋಡೆಗೆ ತಿರುಗುತ್ತಿದ್ದಳು. ಅವಳ ಗಂಡ ಸೆಲ್ವರಾಜ್ ಡಾಕ್ಟರ ಮಾತು ಕೇಳಿ ಡಬ್ಬಿ ಹಾಲಿನ ಪುಡಿ ತಂದಿದ್ದ. ಮಗು ಕುಡಿದಷ್ಟನ್ನೂ ಕಕ್ಕಿತು. ಲೂರ್ದಮ್ಮನ ತವರಿನಲ್ಲಿ ಬಾಣಂತಿಗೆ ಹಾಲಿಳಿಯಲು ಸೊರ ಮೀನನ್ನು ಬೇಯಿಸಿ, ಉದುರಿಸಿ, ಬೆಳ್ಳುಳ್ಳಿ ಮೆಣಸು ಹಾಕಿ ಪುಟ್ಟು ಮಾಡಿ ತಿನ್ನಿಸುತ್ತಿದ್ದರು. ಅವಳೂ ತಿಂದಿದ್ದಳು, ಇಬ್ಬರು ಮಕ್ಕಳೂ ಬೆಳೆದಿದ್ದರು. ಮಂಡಿ ಮೊಹಲ್ಲಾದ ಒಣಮೀನಿನ ಅಂಗಡಿಗಳನ್ನೆಲ್ಲ ಸುತ್ತಿದರೂ ಸೊರ ಸಿಗದೆ ಅವಳು ಬರಿಗೈಯಲ್ಲಿ ಬಂದ ಮಾರನೆಯ ದಿನವೇ, ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ಮಗ ಗೋಣಿಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ.

ಒಳಕೋಣೆಯಲ್ಲಿ ಲೂರ್ದುಮೇರಿ ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಗೆ ಒರಗಿದ್ದಳು. ಪಕ್ಕದಲ್ಲಿ ಸೀರೆಯ ತೊಟ್ಟಿಲು. ಲೂರ್ದಮ್ಮ ಪುಟ್ಟಿನ ತಟ್ಟೆಯನ್ನು ಮುಂದಿಟ್ಟಳು. ಮೇರಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕೈ ಹಿಂದೆಗೆದಳು.

"ವಾಸನೆ ಅಮ್ಮ."

"ಮೂಗು ಮುಚ್ಕೊಂಡು ತಿನ್ನು."

ಅವಳು ತಿನ್ನಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ತಮ್ಮನನ್ನು ನೋಡಿದಳು. ಬಿಸಿಲಿಗೆ ಅವನ ಮೂಗಿನ ಮೇಲಿನ ಚರ್ಮ ಸುಲಿದಿತ್ತು.

"ಇಷ್ಟು ತಿಂಗಳು ಆ ದೋಣೀಲಿ ಏನ್ ಮಾಡ್ತಿದ್ದೆಯೋ?"

"ದಾರ ಬಿಡ್ತಿದ್ವಿ. ಎಳೀತಿದ್ವಿ."

"ಎಷ್ಟುದ್ದ ದಾರ?"

"ಇಲ್ಲಿಂದ ಬಿಟ್ರೆ ಶ್ರೀರಂಗಪಟ್ಣ ದಾಟಿ ಪಾಂಡವಪುರಕ್ಕೆ ಮುಟ್ಟುತ್ತೆ."

"ಸುಳ್ಳ."

"ಇಗರ್ಜಿ ಆಣೆ. ಜಪಾನಿನವರು ಕಲಿಸಿದ್ದು. ಉದ್ದಕ್ಕೂ ಈಜು ಬುರುಡೆ ಕಟ್ಟಿ ತೇಲಿಬಿಡೋದು, ಮಧ್ಯೆ ಮಧ್ಯೆ ಕೊಕ್ಕೆ ಇಳಿಬಿಡೋದು. ಬೆಳಿಗ್ಗೆ ಬಿಟ್ಟದ್ದನ್ನ ಮಧ್ಯಾಹ್ನದಿಂದ ಎಳೀತಾ ಕೂತ್ರೆ ಮುಗಿಯೋದೇ ಇಲ್ಲ."

ಮೇರಿಯ ಬೆರಳುಗಳು ತಟ್ಟೆಯಲ್ಲಿ ಆಡಿದವು. ಒಂದು ತುತ್ತು ಬಾಯಿಗೆ ಹೋಯಿತು. ತಾನು ತಿಂದದ್ದು ಅವಳಿಗೇ ತಿಳಿದ ಹಾಗೆ ಕಾಣಲಿಲ್ಲ. ಪೌಲರಾಜ್ ಸುಮ್ಮನಾದ. ಅವಳ ಕೈಯೂ ನಿಂತಿತು. ಹಿಂದಿನಿಂದ ಲೂರ್ದಮ್ಮ ಸೌಟು ಆಡಿಸಿ, ಹೇಳು ಹೇಳು ಎಂದು ಸನ್ನೆ ಮಾಡಿದಳು.

"ಕೊಕ್ಕೆ ಕಟ್ಟೋದು ಚೂರಕ್ಕೆ. ಟ್ಯೂನಾ ಅಂತಾರಲ್ಲ, ಆ ಮೀನಿಗೆ. ಕರು ಗಾತ್ರ ಇರುತ್ತೆ. ಆದ್ರೆ ಕೊಕ್ಕೆಗೆ ಗೊತ್ತಾ ಯಾರಿಗೆ ಕಟ್ಟಿದ್ದು ಅಂತ? ಸೊರ ಬಂದು ಬೀಳುತ್ತೆ. ಒಂದೊಂದು ದಿನ ಚೂರಕ್ಕಿಂತ ಅದೇ ಜಾಸ್ತಿ."

ಇನ್ನೊಂದು ತುತ್ತು. ಬೆಟ್ಟಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲ ಮೇಲೆ ಕೂತಳು. ಅವಳು ಸಮುದ್ರ ಕಂಡವಳಲ್ಲ. ಕನ್ನಂಬಾಡಿ ಕಟ್ಟೆ ತುಂಬಿದಾಗ ನೋಡಿದ್ದಳು.

"ಅಷ್ಟೊಂದು ಸೊರ ಏನ್ ಮಾಡ್ತೀರಿ?" ಎಂದಳು ಮೇರಿ.

"ರೆಕ್ಕೆ ಕುಯ್ಕೊಂಡು ಮಿಕ್ಕಿದ್ದನ್ನ ನೀರಿಗೆ ತಳ್ತೀವಿ. ಐಸಿನ ಕೋಣೇಲಿ ಚೂರಕ್ಕೇ ಜಾಗ ಸಾಲಲ್ಲ. ರೆಕ್ಕೆ ಒಣಗಿಸಿದ್ರೆ ಹಗುರ. ಸಿಂಗಪುರದ ಕಡೆ ಅದರಲ್ಲಿ ಸಾರು ಮಾಡ್ತಾರಂತೆ."

"ಸತ್ತಿರ್ತದಾ?" ಎಂದಳು ಬೆಟ್ಟಮ್ಮ.

"ಕೆಲವು."

"ಮಿಕ್ಕವು ರೆಕ್ಕೆ ಇಲ್ದೆ ಎಂಗ್ ಈಜ್ತವಪ್ಪ?"

"ಈಜಲ್ಲ."

"ಮತ್ತೆ?"

"ಇಳೀತಾ ಹೋಗ್ತವೆ."

"ಎಲ್ಲಿಗಂಟ?"

"ನಾನೂ ಬಗ್ಗಿ ನೋಡ್ತಿದ್ದೆ ಕಣಮ್ಮ. ಸ್ವಲ್ಪ ಹೊತ್ತು ಬೆಳ್ಳಗೆ ಕಾಣುತ್ತೆ. ಆಮೇಲೆ ಬರೀ ನೀರು."

ಮೇರಿಯ ಕೈ ತಟ್ಟೆಯ ಅಂಚಿನಲ್ಲಿ ನಿಂತಿತ್ತು. ಪೌಲರಾಜನಿಗೆ ತನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಇದನ್ನ ಯಾಕೆ ತಳ್ಳಲಿಲ್ಲ?" ಎಂದಳು ಅವಳು, ತಟ್ಟೆಯನ್ನು ತೋರಿಸಿ.

"ಹೆರಿಗೆ ತಿಂಗಳು ಬಂತಲ್ಲ, ನಿನಗೆ ಅಂತ ಕೇಳಿ ಇಟ್ಕೊಂಡೆ. ನಮ್ಮ ದೋಣಿ ಯಜಮಾನ ನಕ್ಕ. ನಿಮ್ಮೂರಲ್ಲಿ ಹಸು ಇಲ್ವೇನೋ ಅಂದ."

ಅವಳೂ ನಕ್ಕಳು. ಒಂದು ತುತ್ತು ಹೋಯಿತು.

"ಕುಯ್ದದ್ದು ಯಾರು?"

"ನಾನೇ."

"ಒಳಗೇನಿತ್ತು?"

ಪೌಲರಾಜ್ ಮೂಗಿನ ಸುಲಿದ ಚರ್ಮ ಕೆರೆದುಕೊಂಡ. ಕರುಳು ಇತ್ತು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ, ತಟ್ಟೆ ಹಾಗೇ ಉಳಿಯುತ್ತದೆ. ಇದ್ದದ್ದನ್ನು ಹೇಳಿದರೆ ಅವಳು ಇದನ್ನು ಮತ್ತೆ ಮುಟ್ಟುವುದೇ ಇಲ್ಲವೇನೋ. ಅವನು ಬೇರೆ ಯಾವುದಾದರೂ ಕಥೆಗಾಗಿ ತಡಕಾಡಿದ. ಹಾರುವ ಮೀನು, ಡೀಸೆಲ್ ವಾಸನೆಯ ಅನ್ನ. ಆದರೆ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ತೊಟ್ಟಿಲಲ್ಲಿ ಮಗು ಹೊರಳಿ, ಇನ್ನೂ ಅಳುವಾಗದ ಸಣ್ಣ ದನಿ ತೆಗೆಯಿತು.

"ಮರಿ," ಎಂದ.

"ಮೀನೊಳಗೆ ಮರೀನಾ?" ಬೆಟ್ಟಮ್ಮ ಸೆರಗು ಇಳಿಸಿದಳು. "ಮೊಟ್ಟೆ ಇರ್ಬೇಕು. ಸರಿಯಾಗಿ ನೋಡಿದ್ಯಾ?"

"ಮರಿ ಕಣಮ್ಮ. ಒಂದೊಂದೂ ಮೊಳದುದ್ದ. ಹೊಕ್ಕುಳಬಳ್ಳಿ ಇತ್ತು."

"ಅಂಗಾರೆ ಅದು ಮೀನಲ್ಲ ಬುಡು. ಎಮ್ಮೆ ಜಾತಿ."

ಪೌಲರಾಜ್ ಅಕ್ಕನ ಕೈಯನ್ನೇ ನೋಡುತ್ತಿದ್ದ. ಅವಳು ತಟ್ಟೆಯನ್ನು ತಳ್ಳಲಿಲ್ಲ.

"ಹಾಲಿತ್ತಾ ಅದಕ್ಕೆ?"

"ಇಲ್ಲಕ್ಕ. ಅದು ಹಾಲು ಕೊಡಲ್ಲ. ಹೆತ್ತು ಹೊರಟುಹೋಗುತ್ತಂತೆ."

"ಮರಿ ಏನ್ ಮಾಡುತ್ತೆ?"

"ಈಜುತ್ತೆ."

"ಹುಟ್ಟಿದ ತಕ್ಷಣ?"

"ದೋಣಿ ಹಲಗೆ ಮೇಲೆ ಬಿದ್ದಾಗಲೇ ಬಾಲ ಆಡಿಸ್ತಿದ್ವು. ಕಣ್ಣು ಬಿಟ್ಟಿದ್ವು. ಬಾಚಿ ಬಾಚಿ ನೀರಿಗೆ ಹಾಕ್ದೆ. ಒಂದರದ್ದು ಬಳ್ಳಿ ಇನ್ನೂ ಹರಿದಿರಲಿಲ್ಲ. ಅದನ್ನ ನಾನೇ ಕುಯ್ದೆ."

"ಯಾವುದರಲ್ಲಿ?"

"ರೆಕ್ಕೆ ಕುಯ್ಯೋ ಕತ್ತೀಲೇ."

"ಅದೂ ಹೋಯ್ತಾ?"

"ಹೋಯ್ತು. ಎಲ್ಲಾ ಒಂದೇ ಕಡೆಗೆ ತಿರುಗಿ ಹೋದ್ವು. ಯಾಕೆ ಆ ಕಡೆಗೇ ಅಂತ ನನಗಿನ್ನೂ ಗೊತ್ತಾಗಿಲ್ಲ."

"ಬದುಕಿರ್ತಾವಾ?"

"ಗೊತ್ತಿಲ್ಲಕ್ಕ."

ಮೇರಿ ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿದಳು. ಉದುರಿದ ಬಿಳಿ ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದಳು, ಒಳಗೆ ಇನ್ನೂ ಏನಾದರೂ ಕಾಣುವುದೇನೋ ಎಂಬಂತೆ. ಆಮೇಲೆ ಎಲ್ಲವನ್ನೂ ಒಟ್ಟುಮಾಡಿ ದೊಡ್ಡ ತುತ್ತು ತೆಗೆದುಕೊಂಡಳು. ನಿಧಾನವಾಗಿ ಅಗಿದಳು. ಮತ್ತೊಂದು. ಅವಳ ಹಣೆಯಲ್ಲಿ ಮೆಣಸಿನ ಬೆವರು ಮೂಡಿತು.

"ಬಸುರಿ ಸೊರ ಅಂತ ಮೊದಲೇ ಹೇಳ್ಬಾರ್ದಾ," ಎಂದು ಲೂರ್ದಮ್ಮ ಬಾಣಲೆಯನ್ನೇ ಎತ್ತಿಕೊಂಡು ಬಂದಳು. "ಇನ್ನೂ ಒಳ್ಳೇದು ಅದು. ನನಗೂ ಅಂಥದು ಸಿಗ್ಲಿಲ್ಲ."

"ತಿನ್ನವ್ವ ತಿನ್ನು. ಎಮ್ಮೆ ಅನ್ಕೊಂಡು ತಿನ್ನು," ಎಂದಳು ಬೆಟ್ಟಮ್ಮ.

"ಬೆಟ್ಟಮ್ಮೋರೆ, ನಿಮ್ಮ ಬಾಯಿಗೆ ಒಂದು ಬೀಗ ಹಾಕ್ಕೊಳ್ಳಿ," ಎಂದಳು ಲೂರ್ದಮ್ಮ.

ಮಗು ಈಗ ಜೋರಾಗಿ ಅಳತೊಡಗಿತು. ಲೂರ್ದಮ್ಮ ಅದನ್ನು ಎತ್ತಿ ಮಗಳ ಎಡತೋಳಿಗೆ ಕೊಟ್ಟಳು. ಪೌಲರಾಜ್ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ. ಮೃಗಾಲಯದ ಕಡೆಯಿಂದ ಸಿಂಹ ಒಮ್ಮೆ ಗದರಿ ಸುಮ್ಮನಾಯಿತು. ಸೆರಗಿನ ಒಳಗೆ ಮಗು ಹಿಡಿಯಿತು, ಬಿಟ್ಟಿತು, ಸಿಟ್ಟಿನಿಂದ ಒಂದು ಸಲ ಕೂಗಿ ಮತ್ತೆ ಹಿಡಿಯಿತು. ಮೂವರು ಹೆಂಗಸರೂ ಆ ಚೀಪುವ ಸದ್ದನ್ನೇ ಕೇಳುತ್ತಿದ್ದರು.

"ಪೌಲು," ಎಂದಳು ಮೇರಿ.

ಅವನು ತಿರುಗಿದ. ಅವಳು ತಟ್ಟೆಯಲ್ಲಿ ಉಳಿದದ್ದನ್ನು ಬಲಗೈಯಲ್ಲಿ ಉಂಡೆ ಮಾಡಿ ಅವನ ಕಡೆ ಚಾಚಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಸ್ವಲ್ಪ ಬಣ್ಣವಿತ್ತು.

"ತಗೋ. ಬಂದಾಗಿಂದ ಬರೀ ಮಜ್ಜಿಗೆ ಅನ್ನ ಉಣ್ತಿದ್ದೀಯ."

"ಬೇಡಕ್ಕ."

"ಒಂದೇ ತುತ್ತು ಕಣೋ. ವಾಸನೆ ಗೊತ್ತಾಗಲ್ಲ, ಚೆನ್ನಾಗಿದೆ."

ಪೌಲರಾಜ್ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ತಿನ್ನಲ್ಲ," ಎಂದ.