ಎದೆಯ ಮೇಲೆ ಒಂದನೇ ನಂಬರು

ಕುಣಿಗಲ್ ಬಸ್ಸು ಮೈಮೇಲೇ ಬಂದಂತೆ ಹಾರ್ನ್ ಹೊಡೆದಾಗ ಜುಮಾ ರಸ್ತೆ ಬಿಟ್ಟು ಮಣ್ಣಿಗಿಳಿದು ಓಡಿದ. ಕಿಟಕಿಗಳಲ್ಲಿದ್ದ ಮುಖಗಳೆಲ್ಲ ಅವನತ್ತ ತಿರುಗಿದವು. ಅವನ ಅಂಗಿಯ ಎದೆಗೆ ಪಿನ್ನು ಹಾಕಿದ್ದ ಬಟ್ಟೆಯ ಮೇಲೆ ದೊಡ್ಡದಾಗಿ ಒಂದು ಎಂದು ಬರೆದಿತ್ತು.

ಅದು ಅವನು ಕೇಳಿ ಪಡೆದದ್ದಲ್ಲ. ಕಿವುಡ ಮಕ್ಕಳ ಶಾಲೆಗೆ ಕೋಣೆ ಕಟ್ಟಿಸಲೆಂದು ಏರ್ಪಡಿಸಿದ್ದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡಲು ಹೋದಾಗ, ತನ್ನ ದೇಶ ತಾಂಜಾನಿಯಾ ಎಂದದ್ದೇ ತಡ, ಓಟ ನಡೆಸುವ ಸಂಘದ ಮಹಾಲಿಂಗಯ್ಯನವರ ಮುಖ ಅರಳಿತ್ತು.

“ಆಫ್ರಿಕಾದೋರು ಅಂದ್ರೆ ಓಟಕ್ಕೇ ಹುಟ್ಟಿದೋರು. ಕಪ್ ಮೇಲೆ ಈಗ್ಲೇ ನಿನ್ ಹೆಸ್ರು ಕೆತ್ತಿಸ್ಬಿಡ್ಲಾ?”

ಊರಲ್ಲಿ ತನ್ನನ್ನು ಗೋಲ್‌ಕೀಪರ್ ಮಾಡಿದ್ದೇ ಓಡಲು ಬಾರದ್ದಕ್ಕೆ ಎಂದು ಜುಮಾ ಹೇಳಿದ. ಅವರು ತಮಾಷೆಯೆಂದು ನಕ್ಕು ಒಂದನೇ ನಂಬರನ್ನೇ ಎತ್ತಿಕೊಟ್ಟರು.

ಅವನಿಗೆ ಕಪ್ ಬೇಕಿರಲಿಲ್ಲ. ಫಾರ್ಮಸಿ ಓದಲು ತುಮಕೂರಿಗೆ ಬಂದು ಎರಡು ವರ್ಷವಾಗಿತ್ತು. ಉಪ್ಪಾರಹಳ್ಳಿಯಲ್ಲಿ ಬಾಡಿಗೆಗಿದ್ದ ಮುನಾವರ್ ಪಾಷಾರ ಮನೆಯ ಮಹಡಿಯಿಂದ ಅವನು ಇಳಿದರೆ ಸಾಕು, ಇಡೀ ಬೀದಿ ಮಾತು ನಿಲ್ಲಿಸಿ ನೋಡುತ್ತಿತ್ತು. ಮುನ್ನೂರು ಜನರ ನಡುವೆ ಒಬ್ಬನಾಗಿ, ಯಾರ ಕಣ್ಣಿಗೂ ಬೀಳದೆ, ಒಂದು ಬೆಳಿಗ್ಗೆ ಓಡಿ ಮುಗಿಸಬೇಕು. ಬೇಕಿದ್ದದ್ದು ಅಷ್ಟೇ.

ಈಗ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ ಯಾರೂ. ಓಟಕ್ಕೆಂದು ರಸ್ತೆ ಕಾಯುತ್ತಿದ್ದ ಪೊಲೀಸರು ಹೋಗಿಯಾಗಿತ್ತು. ನೀರು ಕೊಡುತ್ತಿದ್ದ ಶಕುಂತಲಮ್ಮ ಮೇಜನ್ನು ಆಟೋಗೆ ಏರಿಸುತ್ತಿದ್ದರು.

“ಅಯ್ಯೋ, ನೀನು ಆಗ್ಲೇ ಗೆದ್ದು ಮನೆಗೋಗಿದೀಯ ಅಂದ್ಕೊಂಡಿದ್ವಲ್ಲಪ್ಪಾ,” ಎಂದು ಬಕೆಟ್ಟಿನ ತಳದಲ್ಲಿದ್ದದ್ದನ್ನು ಬಗ್ಗಿಸಿ ಕೊಟ್ಟರು.

ಪಂಕ್ಚರ್ ಅಂಗಡಿಯ ಮುಂದೆ ಯಾವನೋ ಹೇಳಿದ, “ನೋಡ್ಲಾ, ಬರೋ ವರ್ಷದ್ ಓಟಕ್ಕೆ ಈಗ್ಲೇ ಹೊಂಟವ್ನೆ.”

ಕನ್ನಡ ಅರ್ಥವಾಗದವನಂತೆ ಜುಮಾ ಮುಂದೆ ಹೋದ. ಹಿಮ್ಮಡಿ ಸುಲಿದು ಉರಿಯುತ್ತಿತ್ತು.

ಎದುರಿನಿಂದ ಬಂದ ಸ್ಕೂಟರ್ ತಿರುಗಿ ಅವನ ಪಕ್ಕಕ್ಕೇ ನಿಂತಿತು. ಮಹಾಲಿಂಗಯ್ಯ.

“ಎಲ್ಲಯ್ಯಾ ಹೋಗಿದ್ದೆ? ಪೇಪರ್‌ನೋರು ಕ್ಯಾಮೆರಾ ಹಿಡ್ಕೊಂಡು ಕಾಯ್ತಾವ್ರೆ. ಗಾಡಿ ಹತ್ತು. ಗ್ರೌಂಡ್ ಗೇಟ್ ಹತ್ರ ಇಳಿಸ್ತೀನಿ, ಅಲ್ಲಿಂದ ಓಡ್ಕೊಂಡ್ ಬಂದ್ಬಿಡು. ಫಾರಿನ್ ಅತಿಥಿ ಅಂತ ಬೇರೆ ಕಪ್ಪೇ ತಂದಿದೀವಿ.”

“ಓಡ್ಕೊಂಡೇ ಬರ್ತೀನಿ ಸರ್.”

“ಇನ್ನೂ ಎರಡು ಕಿಲೋಮೀಟರ್ ಐತೆ ಕಣಯ್ಯಾ. ಶಾಮಿಯಾನ ಬಿಚ್ತಾವ್ರೆ. ನೀನು ಬರೋಷ್ಟೊತ್ಗೆ ಅಲ್ಲಿ ಒಂದು ನರಪಿಳ್ಳೆನೂ ಇರಲ್ಲ.”

ಅದು ನಿಜವೆಂದು ಜುಮಾನಿಗೆ ಗೊತ್ತಿತ್ತು. ಮಹಾಲಿಂಗಯ್ಯನವರು ಹೆಗಲ ಟವೆಲ್ಲಿನಿಂದ ಹಿಂದಿನ ಸೀಟಿನ ಧೂಳು ಒರೆಸಿ, ಬಾ ಎಂಬಂತೆ ಎರಡು ಸಲ ತಟ್ಟಿದರು.

“ನಾನು ಹತ್ತಲ್ಲ,” ಎಂದ ಜುಮಾ. “ನೀವು ಹೋಗಿ.”